ಕುಂಟಿದ್ದಕ್ಕೆ ಬಿದ್ದ ಚಪ್ಪಾಳೆ

ಕಳೆದ ತಿಂಗಳು ಕಡಕೊಳದ ನಮ್ಮ ಫ್ಯಾಕ್ಟರಿ ಕ್ಯಾಂಟೀನಿಗೆ ತಟ್ಟೆ ಹಿಡಿದು ಕುಂಟುತ್ತಾ ಬಂದೆ. ಇಡೀ ಕ್ಯಾಂಟೀನು ಚಪ್ಪಾಳೆ ತಟ್ಟಿತು.

'ಸ್ಟೋರ್ಸ್ ಪುಟ್ಟಬಸಪ್ಪೋರ ನಡಿಗೆ ಕಣ್ರೋ, ಡಿಟ್ಟೋ,' ಯಾರೋ ಕೂಗಿದರು.

ಅಲ್ಲೇ ಕೂತಿದ್ದ ಪುಟ್ಟಬಸಪ್ಪನವರು ಮಾತ್ರ ಒಪ್ಪಲಿಲ್ಲ. 'ನಂದು ಬಲಗಾಲು ಕಣೋ. ನೀನು ಎಡಗಾಲು ಕುಂಟ್ತಾ ಇದ್ದೀಯ. ನೋಡ್ಕೊಂಡು ಮಾಡು.'

ನಾನೇನು ಮಾಡಿದೆ? ಬಾಗಿ ನಮಸ್ಕರಿಸಿದೆ. (ಚಪ್ಪಾಳೆ ಬಿದ್ದರೆ ಬಾಗುವುದು ಮಿಮಿಕ್ರಿಯವರ ಕಾಯಿಲೆ.) ತೊಡೆಸಂದಿಯಲ್ಲಿ ಚಾಕು ತಿರುವಿದಂತಾಗಿ ಮುಖ ಕಿವಿಚಿದೆ. ಅದಕ್ಕೂ ನಕ್ಕರು.

ಈ ಕೆಲಸಕ್ಕೆ ಸೇರುವ ಮೊದಲು, ಹಿನಕಲ್ ಹತ್ತಿರ ಸ್ಕೂಟರಿನಿಂದ ಬಿದ್ದು ನನ್ನ ಎಡಸೊಂಟದ ಕೀಲು ಹೋಗಿತ್ತು. ಲೋಹದ್ದು ಹಾಕಿದ್ದರು. ಮಾಡ್ಯುಲರ್ ಅಂತೆ. ಅಂದರೆ ಬಿಡಿಬಿಡಿ ಜೋಡಿಸಿದ್ದು: ಮೂಳೆಯೊಳಗೆ ಕಂಬಿ, ಕಂಬಿಗೊಂದು ಕತ್ತು, ಕತ್ತಿನ ಮೇಲೊಂದು ಗುಂಡು. ಇದನ್ನು ಫ್ಯಾಕ್ಟರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ನಗಿಸುವವನಿಗೆ ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಕಷ್ಟ.

ಮೊನ್ನೆ ಡಾಕ್ಟರು ಎಕ್ಸ್‌ರೇ ನೋಡಿ, 'ಚೆನ್ನಾಗೇ ಕೂತಿದೆಯಲ್ರೀ' ಅಂದರು. ರಕ್ತದ ರಿಪೋರ್ಟ್ ಬಂದ ಮೇಲೆ ಎಕ್ಸ್‌ರೇ ಪಕ್ಕಕ್ಕಿಟ್ಟರು. ರಕ್ತದಲ್ಲಿ ಕೋಬಾಲ್ಟ್, ಕೀಲಿನಿಂದ ಸವೆದ ಲೋಹ. ಕಂಬಿಯೂ ಕತ್ತೂ ಸೇರುವ ಕಡೆ ಲೋಹಕ್ಕೆ ಲೋಹ ತಿಕ್ಕಿ ಒಳಗೊಳಗೇ ತುಕ್ಕು. ಸುತ್ತಲ ಮಾಂಸವೂ ಕೆಡುತ್ತಿದೆ. ತಡಮಾಡಿದರೆ ಕತ್ತೇ ಮುರಿಯಬಹುದು. ಬಿಚ್ಚಿ ಬೇರೆಯದು ಹಾಕಬೇಕು. (ಫ್ಯಾಕ್ಟರಿಯಲ್ಲಿ ನನ್ನ ಕೆಲಸ ತುಕ್ಕು ಹಿಡಿದ ಮಾಲು ರಿಜೆಕ್ಟ್ ಮಾಡುವುದು. ದಿನವೂ ನನ್ನನ್ನು ಮಾತ್ರ ಪಾಸ್ ಮಾಡುತ್ತಿದ್ದೆ.)

'ಜೊತೆಗೆ ಯಾರು ಬರ್ತಾರೆ? ಸೈನ್ ಹಾಕೋಕೆ ಒಬ್ರು ಬೇಕು.'

ಯಾರು? ವಿಜಯನಗರದ ರೂಮಿನಲ್ಲಿ ನಾನೊಬ್ಬ, ನನ್ನ ಬಾಯಲ್ಲಿ ನಲವತ್ತು ಜನ. ಅವರಲ್ಲಿ ಒಬ್ಬನಿಗೂ ಪೆನ್ ಹಿಡಿಯಲು ಬರುವುದಿಲ್ಲ.

ಪುಟ್ಟಬಸಪ್ಪನವರಿಗೆ ಫೋನ್ ಮಾಡಿದೆ.

'ಸೋಮವಾರ ಸೊಂಟದ ಆಪರೇಷನ್ನು. ನೀವು ಬರ್ತೀರಾ?'

'ಯಾರ ದನಿ ಇದು?'

'ನಂದೇ.'

'ಚೆನ್ನಾಗಿ ಬಂದೈತೆ ಬುಡು. ಅಳೋದು ಒಂಚೂರು ಜಾಸ್ತಿ ಆಯ್ತು.' ನಗುತ್ತಾ ಇಟ್ಟುಬಿಟ್ಟರು.

ತಪ್ಪು ಅವರದಲ್ಲ. ಹೋದ ವರ್ಷ ಅವರ ಮಗನ ದನಿಯಲ್ಲಿ 'ಅಪ್ಪ, ಬಿದ್ಬುಟ್ಟೆ' ಅಂತ ಫೋನಿನಲ್ಲಿ ಹೇಳಿ, ಆ ಕಾಲಿನಲ್ಲೇ ಅವರನ್ನು ಆಸ್ಪತ್ರೆವರೆಗೂ ಓಡಿಸಿದವನು ನಾನೇ. ಅವತ್ತು ಎಲ್ಲರೂ ಎಷ್ಟು ನಕ್ಕಿದ್ದೆವು.

ಇದನ್ನು ಓದುತ್ತಿರುವ ನೀವಂತೂ ನನ್ನ ದನಿ ಒಮ್ಮೆಯೂ ಕೇಳಿಲ್ಲ. ಸೋಮವಾರ ಬೆಳಿಗ್ಗೆ ಬಂದು ಒಂದು ಸೈನ್ ಹಾಕುತ್ತೀರಾ?