ನಕ್ಷೆಯಲ್ಲಿ ನಾನು ಬಿಟ್ಟ ನೀರಿನ ದಾರಿ

ಹೋದ ತಿಂಗಳು ಸಾಹುಕಾರರ ಮೊಮ್ಮಗ ಎರಡು ನಕ್ಷೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಧುಗಿರಿ ಪೇಟೆ ನಡುವಿನ ಅವರ ಮೂರು ಅಂತಸ್ತಿನ ಕಟ್ಟಡ ಕೆಡವಿ ಅಲ್ಲೇ ಆರು ಅಂತಸ್ತು ಎಬ್ಬಿಸುತ್ತಾರಂತೆ. ಹಳೇ ನಕ್ಷೆ ನನ್ನ ಕೈಬರಹದ್ದು. ಹೊಸದು ಬೆಂಗಳೂರಿನಿಂದ ಬಂದದ್ದು. ಎರಡನ್ನೂ ನಮ್ಮ ಮಂಚದ ಮೇಲೆ ಹರಡಿ, ಹಳೆಯದರ ನಡುವೆ ಹಾದುಹೋದ ನೀಲಿ ಗೆರೆ ತೋರಿಸಿ, "ಇದೇನು ತಾತ? ಹೊಸದರಲ್ಲಿ ಇಲ್ಲವಲ್ಲ" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಬೇಕಿತ್ತು.

ಮಹಾರಾಜರ ಕಾಲದ ಮಾತು. ಹೈಸ್ಕೂಲು ಮುಗಿಸಿದ ನನ್ನನ್ನು ಊರಿನ ಒಂದು ಕಚೇರಿಯಲ್ಲಿ ನಕ್ಷೆ ನಕಲು ಮಾಡುವ ಕೆಲಸಕ್ಕೆ ತೆಗೆದುಕೊಂಡಿದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇಪ್ಪತ್ತೆರಡು ವರ್ಷ, ಆಗಷ್ಟೇ ಮದುವೆಯಾಗಿತ್ತು. ಕಂಬಳಿ ವ್ಯಾಪಾರದ ಸಾಹುಕಾರರಿಗೆ ಪೇಟೆಯಲ್ಲಿ ಸಾಲಾಗಿ ಐದು ಹೆಂಚಿನ ಅಂಗಡಿಗಳಿದ್ದವು. ಅವನ್ನು ತೆಗೆದು ಊರಲ್ಲೇ ಎತ್ತರದ ಕಟ್ಟಡ ಕಟ್ಟುವ ಆಸೆ ಅವರಿಗೆ. ಏಕಶಿಲೆಯ ಆ ಬೆಟ್ಟದ ಎದುರು ಯಾವ ಎತ್ತರ ತಾನೇ ಕಾಣುತ್ತದೆ ಎಂದು ಜನ ನಕ್ಕರು. ಸಾಹುಕಾರರೂ ನಕ್ಕರು, ಆದರೆ ಆಸೆ ಬಿಡಲಿಲ್ಲ.

ಮೊದಲು ಹೇಳಿಕಳಿಸಿದ್ದು ಶಿರಾದಿಂದ ಬಂದು ನಮ್ಮೂರಲ್ಲೇ ನೆಲೆಸಿದ್ದ ಮುದಿ ಮೇಸ್ತ್ರಿಗೆ. ಆ ಹೆಂಚಿನ ಅಂಗಡಿಗಳನ್ನು ಕಟ್ಟಿದ್ದು ಅವರ ತಂದೆ. ಮೇಸ್ತ್ರಿ ಕಾಗದದ ಮೇಲೆ ಬರೆಯುತ್ತಿರಲಿಲ್ಲ. ಬೆಟ್ಟದ ಬುಡದ ಬಯಲಲ್ಲಿ ಹಗ್ಗ ಎಳೆದು, ಸುಣ್ಣದ ಪುಡಿ ಉದುರಿಸಿ, ಇಡೀ ಕಟ್ಟಡವನ್ನು ಅದರ ಅಳತೆಯಲ್ಲೇ ನೆಲದ ಮೇಲೆ ಬರೆದರು. ಬಾಗಿಲ ಜಾಗದಲ್ಲಿ ಎರಡೆರಡು ಕಲ್ಲು. ಸಾಹುಕಾರರ ಮನೆಯವರೆಲ್ಲ ಬಂದು ಆ ಬಿಳಿ ಗೆರೆಗಳೊಳಗೆ ಓಡಾಡಿದರು. ಅವರ ತಾಯಿ ಗೋಡೆಯ ಗೆರೆ ದಾಟಬಾರದೆಂದು ಸುತ್ತಿಕೊಂಡು ಬಾಗಿಲಿಂದಲೇ ಒಳಗೆ ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎರಡೇ ಅಂತಸ್ತು, ಮುಂದೆ ಹಳ್ಳಿಯವರು ಕಂಬಳಿ ಹಾಸಿ ಕೂರುವ ಉದ್ದದ ಜಗುಲಿ. ಒಂದೇ ವಿಚಿತ್ರವೆಂದರೆ ಕೆಳಗಿನ ಮಳಿಗೆ ನಡುವೆ ಸೀಳಿದಂತೆ ಒಂದು ಮಾರಿನಗಲ ಖಾಲಿ ಓಣಿ.

ಅದೇ ಹೊತ್ತಿಗೆ ಸಾಹುಕಾರರ ನೆಂಟರೊಬ್ಬರು, ನಮ್ಮ ಕಚೇರಿಗೂ ಮೇಲಧಿಕಾರಿಯಾಗಿದ್ದ ಬೆಂಗಳೂರಿನ ಇಂಜಿನಿಯರರಿಂದ ಇನ್ನೊಂದು ನಕ್ಷೆ ಮಾಡಿಸುತ್ತಿದ್ದರು. ಮೂರು ಅಂತಸ್ತು, ಕಮಾನಿನ ಕಿಟಕಿಗಳು, ಜಗುಲಿಯಿಲ್ಲ, ಓಣಿಯಿಲ್ಲ. ಅವರಿಗೆ ಜಾಗದ ಅಳತೆ ಬರೆದು ಕಳಿಸಿದವನು ನಾನೇ. ಅಂಗಡಿಗಳ ಕೆಳಗೆ ಚಪ್ಪಡಿಗಳನ್ನು ಕಂಡಿದ್ದೆ. ನೆಲಹಾಸು ಅಂದುಕೊಂಡು ಮುಂದಕ್ಕೆ ಹೋಗಿದ್ದೆ.

ಎರಡು ನಕ್ಷೆಗಳನ್ನೂ ಒಂದೇ ಅಳತೆಯಲ್ಲಿ ಬರೆದು ಪಕ್ಕಪಕ್ಕ ತೋರಿಸಬೇಕೆಂದು ಸಾಹುಕಾರರು ಕೇಳಿದರು. ಆ ಕೆಲಸ ನನ್ನ ಪಾಲಿಗೆ ಬಂತು. ಮೇಸ್ತ್ರಿಯ ಸುಣ್ಣದ ಗೆರೆಗಳನ್ನು ಟೇಪು ಹಿಡಿದು ಅಳೆಯುವಾಗ ಓಣಿ ಯಾಕೆಂದು ಕೇಳಿದೆ. ಅವರು ನನ್ನನ್ನು ಪೇಟೆಗೆ ಕರೆದುಕೊಂಡು ಹೋಗಿ, ನಡುವಿನ ಅಂಗಡಿಯಲ್ಲಿ ಹಾರೆ ಹಾಕಿ ಒಂದು ಚಪ್ಪಡಿ ಎತ್ತಿದರು. ಕೆಳಗೆ ಕಲ್ಲು ಕಟ್ಟಿದ ಕಾಲುವೆ.

"ಬೆಟ್ಟ ಬರೀ ಬಂಡೆ. ಬಿದ್ದ ನೀರು ಒಂದು ಹನೀನೂ ಕುಡಿಯಲ್ಲ, ಎಲ್ಲಾ ಈ ಕಡೀಕೇ ಬರ್ತದೆ," ಎಂದರು. "ಇದನ್ನ ಬರ್ಕೋ ಬೇಟಾ."

ನಾನು ಬರೆದುಕೊಳ್ಳಲಿಲ್ಲ. ಕಾಲುವೆ ತೋರಿಸಿದರೆ ನಾನು ಕಳಿಸಿದ ಅಳತೆ ತಪ್ಪೆಂದು ಆಗುತ್ತಿತ್ತು. ಇಂಜಿನಿಯರರು ತಿಂಗಳುಗಟ್ಟಲೆ ಕೂತು ಬರೆದದ್ದು ವ್ಯರ್ಥವಾಗುತ್ತಿತ್ತು. ಕೆಲಸ ಕಾಯಂ ಆಗುವುದು ಅವರ ಒಂದು ಮಾತಿನ ಮೇಲೆ ನಿಂತಿತ್ತು. ಎರಡು ವರ್ಷದಿಂದ ಮಳೆ ಸರಿಯಾಗಿ ಬಿದ್ದಿರಲಿಲ್ಲ, ಕಾಲುವೆಯಲ್ಲಿ ಒಣ ಮರಳಿತ್ತು. ಇನ್ನೇನು ನೀರು ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೇಸ್ತ್ರಿಯ ನಕ್ಷೆಯಲ್ಲಿ ಓಣಿಯನ್ನು ಬರೆದು ಕಾಲುವೆಯನ್ನು ಬಿಟ್ಟೆ. ಇಂಜಿನಿಯರರ ನಕ್ಷೆಗೆ ನೆರಳು ಹಾಕಿ ಚಂದ ಮಾಡಿದೆ.

ಸಾಹುಕಾರರ ಪಡಸಾಲೆಯಲ್ಲಿ ಎರಡನ್ನೂ ಗೋಡೆಗೆ ತೂಗುಹಾಕಿದಾಗ ಪೇಟೆಯ ಹತ್ತಾರು ಹಿರಿಯರು ಸೇರಿದ್ದರು. ನೀರಿಲ್ಲದ ಆ ಓಣಿ ಕಾಗದದ ಮೇಲೆ ನಿಜಕ್ಕೂ ಮಂಕಾಗಿ ಕಾಣುತ್ತಿತ್ತು. "ಏನ್ ಮೇಸ್ತ್ರಿ, ನಿನ್ ಮೇಕೆ ಓಡಾಡಕ್ಕೆ ಬುಟ್ಟಿದ್ದೀಯಾ?" ಎಂದು ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ಅದು ನೀರಿನ ದಾರಿ, ಹುಡುಗನಿಗೆ ತೋರಿಸಿದ್ದೇನೆ ಎಂದು ಮೇಸ್ತ್ರಿ ಹೇಳಿದರು. ಸಾಹುಕಾರರು ನನ್ನ ಕಡೆ ತಿರುಗಿದರು.

"ಹಳೇ ಚರಂಡಿ ಸ್ವಾಮಿ," ಎಂದೆ. "ಮುಚ್ಚಿಹೋಗಿದೆ. ಮೇಸ್ತ್ರಿಗೆ ವಯಸ್ಸಾಯಿತು, ಹಠ ಮಾಡ್ತಾರೆ."

ಮೇಸ್ತ್ರಿ ನನ್ನನ್ನು ಒಂದು ಸಲ ನೋಡಿ, ಮೂಲೆಯಲ್ಲಿಟ್ಟಿದ್ದ ತಮ್ಮ ಹಗ್ಗದ ಸುರುಳಿ ಎತ್ತಿಕೊಂಡು ಹೊರಟರು. ಬಾಯಿಬಿಟ್ಟು ಹೇಳಿದ ಆ ಎರಡು ಮಾತೇ ನನ್ನ ತಪ್ಪು. ಭಯಕ್ಕೆ ಬರೆಯದೆ ಬಿಟ್ಟೆ ಎನ್ನಬಹುದು. ಮುದುಕನನ್ನು ಹತ್ತು ಜನರ ಮುಂದೆ ತೆಗಳಲು ಭಯವೊಂದೇ ಕಾರಣವಾಗಿರಲಿಲ್ಲ. ಎಲ್ಲರೂ ನಗುತ್ತಿದ್ದರು, ನನಗೂ ಅವರ ಸಾಲಿನಲ್ಲಿ ಕೂರುವ ಆಸೆಯಿತ್ತು.

ಇಂಜಿನಿಯರರ ನಕ್ಷೆ ಒಪ್ಪಿಗೆಯಾಯಿತು. ಹಳೇ ಪರಿಚಯದ ದಾಕ್ಷಿಣ್ಯಕ್ಕೆ ಸಾಹುಕಾರರು ಪಾಯದ ಕಲ್ಲುಕೆಲಸ ಮಾತ್ರ ಮೇಸ್ತ್ರಿಗೆ ಕೊಟ್ಟರು. ಅವರು ಬರಲಾರರು ಎಂದುಕೊಂಡಿದ್ದೆ. ಮಾರನೆಯ ದಿನವೇ ಮಗನ ಜೊತೆ ಬಂದು ಕೆಲಸ ಹಿಡಿದರು. ಪಾಪ, ಹೊಟ್ಟೆಪಾಡು ಎಂದು ಮರುಗಿದೆ. ನನ್ನ ಮರುಕಕ್ಕೆ ಈಗ ನಾಚಿಕೆಯಾಗುತ್ತದೆ.

ಪಾಯ ನೆಲಮಟ್ಟಕ್ಕೆ ಬಂದಾಗ ಅಳತೆ ನೋಡಲು ನನ್ನನ್ನು ಕಳಿಸಿದರು. ಗುಂಡಿಗೆ ಇಳಿದೆ. ಪಾಯದ ಗೋಡೆಯಲ್ಲಿ ಆಳುದ್ದದ ಕಂಡಿ, ಮೇಲೆ ದಪ್ಪ ಚಪ್ಪಡಿ, ಆಚೆ ಗೋಡೆಯಲ್ಲೂ ಅದರ ನೇರಕ್ಕೆ ಇನ್ನೊಂದು. ತಂದೆ ಕಟ್ಟಿದ ಕಾಲುವೆಯನ್ನು ಮೇಸ್ತ್ರಿ ಕಟ್ಟಡದ ಹೊಟ್ಟೆಯೊಳಗೇ ಹಾಯಿಸಿದ್ದರು.

"ಮೇಸ್ತ್ರಿ, ಇದು ನಕ್ಷೆಯಲ್ಲಿಲ್ಲ."

"ಮಳೆಗೆ ನಕ್ಷೆ ಓದಕ್ಕೆ ಬರಲ್ವಲ್ಲಪ್ಪಾ."

"ಇಂಜಿನಿಯರ್ ಸಾಹೇಬರು ಕೇಳಿದರೆ ಏನು ಹೇಳಲಿ?"

"ಮುದುಕನ ಹಠ ಅನ್ನು. ಅವತ್ತು ಅಂದಂಗೆ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಕರಣೆ ಒರೆಸಿ ಮುಂದಿನ ಕಲ್ಲಿಗೆ ಹೋದರು. ಅಳತೆ ಸರಿಯಿದೆ ಎಂದು ಬರೆದುಕೊಟ್ಟೆ.

ಕಟ್ಟಡ ಎದ್ದ ಮರುವರ್ಷ ಸ್ವಾತಿ ಮಳೆ ಒಂದು ಸಂಜೆ ಬೆಟ್ಟದ ಮೇಲೆ ಸುರಿಯಿತು. ಬಂಡೆಯ ಮೈತುಂಬ ಬೆಳ್ಳಗೆ ನೀರು ಇಳಿಯುವುದು ಕಚೇರಿಯ ಬಾಗಿಲಿಗೇ ಕಾಣುತ್ತಿತ್ತು. ತಲೆಗೆ ಗೋಣಿ ಹಾಕಿಕೊಂಡು ಓಡಿದೆ. ಕೆಳಗಿನ ಮಳಿಗೆಯಲ್ಲಿ ಆ ವರ್ಷದ ಕಂಬಳಿಯೆಲ್ಲ ಸೂರು ಮುಟ್ಟುವಂತೆ ಪೇರಿಸಿತ್ತು. ಹಳ್ಳಿಯ ಕುರುಬರು ನೇಯ್ದು ತಂದು ಸಾಹುಕಾರರ ಮಾತಿನ ಮೇಲೆ ಇಟ್ಟುಹೋದ ಮಾಲು ಅದು. ನೆಲದ ಮೇಲೆ ಒಂದು ಹನಿ ಇರಲಿಲ್ಲ. ಕಾಲ ಕೆಳಗೆ ಎಲ್ಲೋ ಗುಡುಗಿದಂತೆ ಸದ್ದು. ಹಿಂದಿನ ಬೀದಿಯಲ್ಲಿ ಕೆಂಪು ನೀರು ಧುಮುಕಿ ಕೆರೆಯ ಕಡೆ ಹೋಗುತ್ತಿತ್ತು. ಇಂಜಿನಿಯರರ ಬುದ್ಧಿಯೇ ಬುದ್ಧಿ ಎಂದು ಸಾಹುಕಾರರು ಎಲ್ಲರಿಗೂ ಹೇಳಿದರು.

ಬೆಳಿಗ್ಗೆ ಎದ್ದವನೇ ಮೇಸ್ತ್ರಿಯ ಮನೆಗೆ ಹೋದೆ. ಜ್ವರದಲ್ಲಿ ಮಲಗಿದ್ದರು. ಅವರ ಕಾಲು ಮುಟ್ಟಲು ಬಗ್ಗಿದೆ. ಕಾಲು ಎಳೆದುಕೊಂಡರು.

"ಮಾಫಿ ಗೀಫಿ ಬ್ಯಾಡ ಬೇಟಾ. ನಕ್ಷೇಲಿ ಒಂದು ಗೆರೆ ಎಳ್ದುಬುಡು. ನಾನು ಹೋದ್ಮೇಲೆ ಯಾವನೋ ಕಂಬ ನೆಡಕ್ಕೆ ಬಂದು ಅದನ್ನ ಮುಚ್ಚಿಬುಟ್ಟಾನು."

ಅಂದೇ ಇಂಜಿನಿಯರರ ನಕ್ಷೆಯ ನನ್ನ ಪ್ರತಿಯ ಮೇಲೆ ನೀಲಿ ಶಾಯಿಯಲ್ಲಿ ಗೆರೆ ಎಳೆದೆ. ಮೇಸ್ತ್ರಿಯ ಹೆಸರು ಬರೆಯಲಿಲ್ಲ. ಬರೆದಿದ್ದರೆ ಉಳಿದದ್ದನ್ನೆಲ್ಲ ಹೇಳಬೇಕಾಗುತ್ತಿತ್ತು. ಮುಂದಿನ ಸಲ ಬಂದ ಇಂಜಿನಿಯರರು ಗೆರೆ ನೋಡಿ, ಕಂಡಿ ಬಿಡಿಸಿದ್ದು ನಾನೇ ಎಂದುಕೊಂಡು ಬೆನ್ನು ತಟ್ಟಿದರು. ಅಲ್ಲ ಎನ್ನಲು ಬಾಯಿ ತೆರೆದೆ, ಆಮೇಲೆ ಮುಚ್ಚಿದೆ. ಎರಡು ತಿಂಗಳಲ್ಲಿ ಕೆಲಸ ಕಾಯಂ ಆಯಿತು. ಆ ಅನ್ನದಲ್ಲೇ ಮಕ್ಕಳು ಓದಿದರು, ಈ ಮನೆ ಎದ್ದಿತು. ಸುದ್ದಿ ಕೇಳಿದ ಮೇಸ್ತ್ರಿ, "ಗೆರೆ ಬಿತ್ತಲ್ಲ, ಸಾಕು" ಎಂದರೆಂದು ಅವರ ಮಗ ಹೇಳಿದ. ಆ ಬೇಸಿಗೆ ಅವರು ತೀರಿಕೊಂಡರು.

ಮೇಸ್ತ್ರಿ ಒಂದು ಮಾತು ಆಡಿದ್ದರೆ ನನ್ನ ಬದುಕು ಅಲ್ಲಿಗೇ ನಿಲ್ಲುತ್ತಿತ್ತು. ಅವರು ಆಡಲಿಲ್ಲ. ಕಂಬಳಿ ಉಳಿಸಲು ಕಟ್ಟಿದ ಕಂಡಿಯಲ್ಲಿ ನನ್ನನ್ನೂ ಉಳಿಸಿದರು. ಮಳೆ ಬಂದಾಗಲೆಲ್ಲ ಪೇಟೆಗೆ ಹೋಗಿ ಆ ಕಟ್ಟಡದ ಮುಂದೆ ನಿಂತು ಕಾಲಡಿಯ ಸದ್ದು ಕೇಳುತ್ತಿದ್ದೆ. ನನಗೆ ಗೊತ್ತಿದ್ದ ಕೃತಜ್ಞತೆ ಅಷ್ಟೇ.

ಇಷ್ಟನ್ನೂ ಮೊಮ್ಮಗನಿಗೆ ಹೇಳಿ ಮುಗಿಸಿ, ಹೊಸ ನಕ್ಷೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಹೊಸ ನಕ್ಷೆಯಲ್ಲಿ ಲಿಫ್ಟಿನ ಗುಂಡಿ ಸರಿಯಾಗಿ ಕಾಲುವೆಯ ಮೇಲೇ ಕೂತಿತ್ತು. ಪೆನ್ಸಿಲು ಕೊಡಿ ಎಂದು ಕೇಳಿ, ಹಳೆಯದನ್ನು ನೋಡಿಕೊಂಡು ಹೊಸದರ ಮೇಲೆ ಗೆರೆ ಎಳೆದೆ. ಗೆರೆ ಸ್ವಲ್ಪ ಸೊಟ್ಟಾಯಿತು. ಅದರ ಪಕ್ಕದಲ್ಲಿ ಮೇಸ್ತ್ರಿಯ ಪೂರ್ತಿ ಹೆಸರು ಬರೆದೆ, ಹಳೇ ನಕ್ಷೆಯ ನೀಲಿ ಗೆರೆಯ ಪಕ್ಕದಲ್ಲೂ ಬರೆದೆ.

ಅವರು ಹೆಸರನ್ನು ಗಟ್ಟಿಯಾಗಿ ಓದಿದರು. "ಗುಂಡಿ ಆಚೆಗೆ ಸರಿಸೋಕೆ ಹೇಳ್ತೀನಿ ತಾತ," ಎಂದು ಎರಡು ನಕ್ಷೆಗಳನ್ನೂ ಒಟ್ಟಿಗೇ ಸುತ್ತಿಕೊಂಡು ಹೋದರು.