ಬಿಚ್ಚಿದ ತಾಳಿ, ಉಳಿದ ಗೆರೆ

ಅವ್ವನಷ್ಟು ಹಟಮಾರಿ ಹೆಂಗಸನ್ನು ನಾನು ಇನ್ನೂ ಕಂಡಿಲ್ಲ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅವಳ ಕೆಮ್ಮಿನಲ್ಲಿ ರಕ್ತ ಕಂಡಿತು. ಭಾಲ್ಕಿಯ ಮನೆಯಿಂದ ಅಪ್ಪ ಅವಳನ್ನು ಎಕ್ಸರೇ ತೆಗೆಸಲು ಬೀದರಿಗೆ ಕರೆದೊಯ್ದರು, ನಾನೂ ಹೋಗಿದ್ದೆ. ಎಕ್ಸರೇ ತೆಗೆಯುವವನು ತಾಳಿ ಬಿಚ್ಚಿಡಲು ಹೇಳಿದ. ಗಂಡ ಬಾಗಿಲಲ್ಲೇ ನಿಂತಿರುವಾಗ ಯಾಕೆ ಬಿಚ್ಚಲಿ ಎಂದು ಅವ್ವ ಅವನನ್ನೇ ದಬಾಯಿಸಿದಳು. ಅವನು ಸೋತು, ಬೆನ್ನಿಗೆ ಸರಿಸಿಕೊಂಡರೆ ಸಾಕು ಎಂದ.

ಎಡ ಶ್ವಾಸಕೋಶದಲ್ಲಿ ಗಡ್ಡೆ ಇತ್ತು. ಹೈದರಾಬಾದಿನ ದವಾಖಾನೆಯಲ್ಲಿ ಅದು ಕ್ಯಾನ್ಸರ್ ಎಂದು ತಿಳಿಯಿತು. ನಾವೀಗ ಬೇರೆ ರಾಜ್ಯದವರು, ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂದು ಅಪ್ಪ ರೈಲಿನುದ್ದಕ್ಕೂ ಚಿಂತೆ ಮಾಡಿದ್ದರು. ಅಲ್ಲಿ ಯಾರೂ ಅದನ್ನು ಕೇಳಲೇ ಇಲ್ಲ. ಎಡಗಡೆಯದನ್ನು ಪೂರ್ತಿ ತೆಗೆದರೆ ಬದುಕುತ್ತಾಳೆ, ಒಂದೇ ಶ್ವಾಸಕೋಶದಲ್ಲೂ ಮನುಷ್ಯ ಇರಬಲ್ಲ ಎಂದರು ಸರ್ಜನ್. ನನಗೆ ಹೋದ ಜೀವ ಬಂತು.

ಆಪರೇಷನ್ನಿನ ಹಿಂದಿನ ದಿನ ಸರ್ಜನ್ ಬೀದರಿನ ಫಿಲ್ಮನ್ನು ಕಿಟಕಿಗೆ ಹಿಡಿದು ಮತ್ತೆ ನೋಡಿದರು. ಬಲಗಡೆ, ಹೃದಯದ ಪಕ್ಕ, ಕೆಳಗಿಳಿಯುವ ಒಂದು ಬಾಗಿದ ಗೆರೆ. ಅದು ತಾಳಿಯ ನೆರಳು ಸಾಹೇಬರೇ ಎಂದು ಅಪ್ಪ ನಡೆದದ್ದನ್ನು ಹೇಳಿದರು. ಇರಬಹುದು, ಆದರೆ ರಕ್ತನಾಳವಾಗಿದ್ದರೆ ಚಾಕು ಹಿಡಿಯುವ ಮೊದಲೇ ನನಗೆ ಗೊತ್ತಾಗಬೇಕು, ತಾಳಿ ತೆಗೆದು ಇನ್ನೊಂದು ಎಕ್ಸರೇ ಆಗಲಿ ಎಂದರು.

ಅವ್ವ ಅಪ್ಪನ ಕಡೆ ಕೊರಳು ತಿರುಗಿಸಿದಳು.

“ಬ್ಯಾರೆಯವರ ಕೈ ಬ್ಯಾಡ. ನೀವ ಬಿಚ್ಚರಿ.”

ಅಪ್ಪ ಗಂಟು ಬಿಚ್ಚಿದರು. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ನಿಂತರು. ದೇವರೇ, ಆ ಗೆರೆ ತಾಳಿಯದೇ ಆಗಿರಲಿ ಎಂದು ನಾನು ಬೇಡಿಕೊಂಡೆ. ಹೊಸ ಫಿಲ್ಮಿನಲ್ಲಿ ಗೆರೆ ಇದ್ದಲ್ಲೇ ಇತ್ತು.

ತೋಳಿಗೆ ಬಣ್ಣದ ಔಷಧ ಚುಚ್ಚಿ ಮತ್ತೆ ಚಿತ್ರ ತೆಗೆದರು. ಸರ್ಜನ್ ನಮ್ಮನ್ನು ಕೂರಿಸಿಕೊಂಡು ಉರ್ದುವಿನಲ್ಲಿ ತಿಳಿಸಿ ಹೇಳಿದರು. ಬಲ ಶ್ವಾಸಕೋಶದ ಶುದ್ಧ ರಕ್ತ ಹೃದಯದ ಎಡಭಾಗಕ್ಕೆ ಹೋಗಬೇಕು. ಇವಳಲ್ಲಿ ಆ ನಾಳ ಹುಟ್ಟಿನಿಂದಲೇ ದಾರಿ ತಪ್ಪಿ, ಕೆಳಗಿಳಿದು, ಕೆಟ್ಟ ರಕ್ತದ ನಾಳಕ್ಕೆ ಸೇರಿದೆ. ಇಷ್ಟು ವರ್ಷ ಮೈಗೆಲ್ಲ ಒಳ್ಳೆಯ ರಕ್ತ ಕೊಟ್ಟಿದ್ದು ಆ ರೋಗದ ಎಡಗಡೆಯದೇ. ಅದನ್ನು ತೆಗೆದರೆ ಮೇಜಿನ ಮೇಲಿಂದ ಏಳುವುದಿಲ್ಲ. ನಾಳವನ್ನು ತಿರುಗಿಸಿ ಜೋಡಿಸಲು ಬರುವುದಿಲ್ಲವೇ ಎಂದು ಅಪ್ಪ ಕೇಳಿದರು. ಆ ಕೆಲಸ ನನ್ನ ಕೈಯಲ್ಲಿ ಆಗದು ಎಂದು ಅವರು ತಲೆ ತಗ್ಗಿಸಿದರು.

ವಾರ್ಡಿನಲ್ಲೇ ಅಪ್ಪ ಮತ್ತೆ ತಾಳಿ ಕಟ್ಟಿದರು. ಎಲ್ಲ ಕೇಳಿಸಿಕೊಂಡಿದ್ದ ಅವ್ವ ಅಳಲಿಲ್ಲ.

“ಗಂಟು ಗಟ್ಟಿ ಹಾಕ್ರಿ. ಇನ್ನೊಮ್ಮಿ ಬಿಚ್ಚೂದಿಲ್ಲ.”

ಜೋಳದ ರಾಶಿಯ ಹೊತ್ತಿಗೆ ಭಾಲ್ಕಿಯಲ್ಲೇ ತೀರಿಕೊಂಡಳು. ಕೊನೆಯ ವಾರ ಒಂದೊಂದು ಉಸಿರಿಗೂ ಒದ್ದಾಡಿದಳು. ಬಂದ ಹೆಂಗಸರೆಲ್ಲ ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದರು. ಸುಡಲಿ ಆ ಪುಣ್ಯ! ಯಾರ ಮುಖವನ್ನೂ ನೋಡಬಾರದೆನ್ನಿಸಿತು ನನಗೆ.

ಹೆಣ ಎತ್ತುವ ಮುಂಚೆ, ಔರಾದಿನಿಂದ ಬಂದಿದ್ದ ಸೋದರತ್ತೆ, ಪದ್ಧತಿಯಂತೆ ತಾಳಿ ಬಿಚ್ಚಿಕೊಳ್ಳಲು ಅಪ್ಪನಿಗೆ ಹೇಳಿದಳು. ನನ್ನತ್ತ ಕೈ ತೋರಿಸಿ, ಬಂಗಾರ ಮಗಳಿಗಾದರೂ ಆಗುತ್ತದೆ ಎಂದಳು. ಅಕ್ಕನ ಮಾತನ್ನು ಅಪ್ಪ ಎಂದೂ ಮೀರಿದವರಲ್ಲ. ಅವತ್ತು ಅವ್ವನ ಕೊರಳ ಮೇಲೆ ಕೈಯಿಟ್ಟು ಕೂತುಬಿಟ್ಟರು.

“ಒಮ್ಮಿ ಬಿಚ್ಚೀನಿ ಅಕ್ಕಾ. ಸಾಕು.”