ಸಾಹೇಬರ ಮನೆಯ ಖಣ

ಮೊನ್ನೆ ಹಳೆಯ ಟ್ರಂಕು ತೆಗೆದಾಗ ತಳದಲ್ಲಿ ಕುಪ್ಪಸದ ಖಣಗಳ ಗಂಟೊಂದು ಸಿಕ್ಕಿತು. ಒಂದನ್ನೂ ಹೊಲಿಸಿಲ್ಲ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು, ಅದರ ಹಿಂದೆಯೇ ನಮ್ಮ ವರ್ಕ್‌ಶಾಪ್ ಮೇಷ್ಟ್ರ ಮುಖ ಬಂದು ನಿಂತಿತು. ಇಷ್ಟು ವರ್ಷವಾದರೂ ಆ ಮನುಷ್ಯನನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ. ಕೆಟ್ಟವರಾಗಿದ್ದರೆ ನಾಲ್ಕು ಬೈದು ಮರೆತುಬಿಡುತ್ತಿದ್ದೆ. ಅವರು ಬಹಳ ಒಳ್ಳೆಯವರು...

ಅರವತ್ತರ ದಶಕದ ದಾವಣಗೆರೆ. ಇಂಜಿನಿಯರಿಂಗ್ ಕಾಲೇಜಿನ ನಮ್ಮ ತರಗತಿಯಲ್ಲಿ ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ಮೊದಲು ಎಲ್ಲರಿಗೂ ಒಂದೇ ಪಾಠ, ಆಮೇಲೆ ಸಿವಿಲ್ಲೋ ಮೆಕ್ಯಾನಿಕಲ್ಲೋ ಆರಿಸಿಕೊಳ್ಳಬೇಕು. ನನ್ನದು ಮೆಕ್ಯಾನಿಕಲ್ಲೇ ಎಂದು ಕಾಲೇಜು ಸೇರುವ ಮುಂಚೆಯೇ ತೀರ್ಮಾನವಾಗಿತ್ತು. ಹತ್ತಿಯ ಬೀಜ ಬಿಡಿಸುವ ಅಪ್ಪನ ಜಿನ್ನಿನಲ್ಲಿ ಎಂಜಿನ್ ಕೆಟ್ಟಾಗೆಲ್ಲ ಊಟ ಬಿಟ್ಟು ಅದರ ಮುಂದೆ ಕೂರುತ್ತಿದ್ದವಳು ನಾನು. ಹುಡುಗರು ಯಂತ್ರಗಳನ್ನು ಕಣ್ಣಾರೆ ನೋಡಿ ಕಲಿಯಲಿ, ಯಾವ ಕಡೆ ಹೋಗಬೇಕೆಂದು ತಿಳಿದುಕೊಳ್ಳಲಿ ಎಂದು ಮೇಷ್ಟ್ರು ನಮ್ಮನ್ನು ಊರಿನ ಬಟ್ಟೆ ಮಿಲ್ಲುಗಳಿಗೂ, ರೈಲಿನಲ್ಲಿ ಹರಿಹರದ ಕಾರ್ಖಾನೆಗೂ ಕರೆದೊಯ್ಯುತ್ತಿದ್ದರು.

ಗೇಟು ದಾಟುವ ಮುಂಚೆ, "ನೀ ಇತ್ಲಾಗ್ ಬಾರವ್ವ" ಎಂದು ನನ್ನನ್ನು ಪಕ್ಕಕ್ಕೆ ಕರೆದು, ಜವಾನನ ಜೊತೆ ಮ್ಯಾನೇಜರ್ ಸಾಹೇಬರ ಬಂಗಲೆಗೆ ಕಳಿಸುತ್ತಿದ್ದರು. ಅಲ್ಲಿ ಸಾಹೇಬರ ಹೆಂಡತಿ ನನ್ನನ್ನು ಕೂರಿಸಿ, ಉಪ್ಪಿಟ್ಟು ಕೊಟ್ಟು, ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಕೈಗೊಂದು ಖಣ ಇಡುತ್ತಿದ್ದರು. ಗೋಡೆಯಾಚೆ ಯಂತ್ರಗಳ ಸದ್ದು. ಈಚೆ ನಾನು, ಹೆಣ್ಣು ನೋಡಲು ಬಂದವರ ಮುಂದೆ ಕೂತವಳ ಹಾಗೆ, ತಲೆ ತಗ್ಗಿಸಿಕೊಂಡು. ಮನೆಗೆ ಬಂದರೆ ಅವ್ವನಿಗೆ ಮಾತ್ರ ಖಣ ಬಿಚ್ಚಿ ನೋಡುವ ಸಂಭ್ರಮ.

ಹರಿಹರದಲ್ಲಿ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ. "ಸಾರ್, ಫೌಂಡ್ರಿ ನಾನೂ ನೋಡ್ತೀನಿ ಸಾರ್."

"ಸೀರೆಗೆ ಬೆಂಕಿ ಹತ್ತಿದ್ರೆ ನಿಮ್ಮಪ್ಪಗೆ ನಾ ಏನ್ ಹೇಳ್ಲವ್ವ? ಬ್ಯಾಡ. ಅಮ್ಮಾರು ಹೋಳ್ಗೆ ಮಾಡ್ಯಾರಂತೆ, ಹೋಗು."

ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಹುಡುಗರು ನಕ್ಕರು. ವಾಪಸ್ ಬರುವಾಗ ರೈಲಿನ ತುಂಬ ಅವರ ಅಂಗಿಗಳ ಎಣ್ಣೆ ವಾಸನೆ, ಸುಟ್ಟ ಮರಳಿನ ವಾಸನೆ. ನನ್ನ ತಲೆಯಲ್ಲಿ ಮಲ್ಲಿಗೆ. ಕಿತ್ತು ಕಿಟಕಿಯಾಚೆ ಎಸೆದೆ. ಪಕ್ಕದವನನ್ನು ಕಾಡಿ ಬೇಡಿ, ಕಬ್ಬಿಣ ಕರಗಿಸಿದ್ದು, ಅಚ್ಚಿಗೆ ಹೊಯ್ದದ್ದು ಎಲ್ಲ ಹೇಳಿಸಿಕೊಂಡು, ಭೇಟಿಯ ವರದಿ ಅಂತ ಅದನ್ನೇ ಬರೆದು ಒಪ್ಪಿಸಿದೆ. ಮೇಷ್ಟ್ರು ತರಗತಿಗೆಲ್ಲ ನನಗೇ ಹೆಚ್ಚು ಅಂಕ ಕೊಟ್ಟರು. ನಾನು ನೋಡಿಯೇ ಇಲ್ಲದ ಫೌಂಡ್ರಿಗೆ! ಅವರು ಬೆನ್ನು ತಟ್ಟಿದ ಜಾಗವನ್ನು ಅವತ್ತು ಉಜ್ಜಿ ಉಜ್ಜಿ ತೊಳೆದುಕೊಂಡಿದ್ದೆ.

ವಿಭಾಗ ಆರಿಸಿಕೊಳ್ಳುವ ಕಾಲಕ್ಕೆ ಮೇಷ್ಟ್ರು ತಾವಾಗಿಯೇ ನಮ್ಮ ಮನೆಗೆ ಬಂದರು. ಅಪ್ಪ ಒಪ್ಪಿಯಾಗಿತ್ತು.

"ಬರ್ರಿ ಸಾರ್, ಕೂಡ್ರಿ. ಆಕಿಗೆ ಮಷಿನ್ ಹುಚ್ಚೈತೆ. ಮೆಕ್ಯಾನಿಕಲ್ಲೇ ಓದ್ಲಿ ಬಿಡ್ರಿ" ಎಂದ.

ಮೇಷ್ಟ್ರು ನಿಧಾನಕ್ಕೆ ಚಹಾ ಊದಿ ಆರಿಸಿಕೊಂಡರು. "ಹೆಂಗ್ರಿ ಆಗ್ತೈತೆ? ಇಷ್ಟ್ ಸಲ ಕಾರ್ಖಾನೆಗೆ ಕರ್ಕೊಂಡ್ ಹೋಗಿದೀನಿ. ಒಂದಿನಾನೂ ಒಳಗೆ ಕಾಲಿಟ್ಟಿಲ್ಲ ನಿಮ್ ಮಗಳು. ಸಾಹೇಬ್ರ ಮನೆಯಾಗೇ ಕುಂತಿರ್ತಾಳೆ. ಬೇಕಾರೆ ಆಕಿನ್ನೇ ಕೇಳ್ರಿ."

ಅಪ್ಪ ನನ್ನ ಕಡೆ ತಿರುಗಿದ. "ಹೌದೇನವ್ವ?"

"ಅವ್ರೇ ಕಳಿಸ್ತಿದ್ರಪ್ಪ..." ಎಂದೆ. ಅಷ್ಟರಲ್ಲಿ ಅವ್ವ ಒಳಗಿನಿಂದ ಖಣಗಳನ್ನೆಲ್ಲ ಹರವಿಕೊಂಡು ಬಂದಳು. "ಹೋದಾಗೆಲ್ಲ ಎಷ್ಟ್ ಚಲೋ ಖಣ ಕೊಟ್ಟಾರೆ ನೋಡ್ರಿ" ಎಂದು ಮೇಷ್ಟ್ರ ಮುಂದೆ ಹಿಡಿದಳು. ಪಾಪ, ಅವಳಿಗೆ ಏನು ಗೊತ್ತು. ಅಪ್ಪ ಖಣ ನೋಡಿದ, ನನ್ನನ್ನು ನೋಡಿದ, ಮಾತು ಮುಗಿಯಿತು. ನನಗೆ ಸಿವಿಲ್ ಆಯಿತು. ಮೇಷ್ಟ್ರು ಎದ್ದು ಹೋಗುವಾಗ ನನ್ನ ತಲೆ ಸವರಿದರು. ತಾವೇ ಬಾಗಿಲು ಹಾಕಿ, ಇವಳು ಒಳಗೆ ಬರಲೇ ಇಲ್ಲ ಎಂದು ದೂರು ಹೇಳಿದ್ದರು. ಅದು ತಪ್ಪೆಂದು ಅವರಿಗೆ ಅನ್ನಿಸಿಯೇ ಇರಲಿಕ್ಕಿಲ್ಲ. ನನಗೆ ಹೇಸಿಗೆಯಾಗುವುದು ಅದಕ್ಕೇ.

ಮೇಷ್ಟ್ರು ಹೋಗಿ ಬಹಳ ವರ್ಷವಾಯಿತು. ಎದುರಿಗೆ ಕೂರಿಸಿಕೊಂಡು ಒಮ್ಮೆ ಕೇಳೋಣವೆಂದರೆ ಈಗ ಮನುಷ್ಯನೇ ಇಲ್ಲ... ನಾನು ರಸ್ತೆ, ಸೇತುವೆ ಮಾಡಿಸಿ ನಿವೃತ್ತಳಾದೆ. ಕೆಲಸದ ಮೇಲೆ ನನಗೆ ದೂರಿಲ್ಲ. ಆದರೆ ನಾನು ಕೇಳಿದ ಕೆಲಸ ಅದಲ್ಲ, ಕಳೆದುಕೊಂಡದ್ದು ಕಳೆದುಕೊಂಡದ್ದೇ. ಈಗ ಹಳೆಯ ವಿದ್ಯಾರ್ಥಿಗಳು ಸ್ಮರಣ ಸಂಚಿಕೆ ತರುತ್ತಾರಂತೆ. ಆ ಕಾಲದಲ್ಲೇ ಹೆಣ್ಣುಮಗಳನ್ನು ಕಾರ್ಖಾನೆಗೆ ಕರೆದೊಯ್ದ ಮೇಷ್ಟ್ರು ಎಂದು ನಾಲ್ಕು ಸಾಲು ಬರೆದುಕೊಡಿ ಎಂದು ಫೋನು ಮಾಡಿದ್ದರು. ಬರೆಯಲು ಕೂತೆ. ಕರೆದೊಯ್ದದ್ದೇನೋ ನಿಜ. ಗೇಟಿನವರೆಗೆ, ಎಂದು ಸೇರಿಸಿ ಕಳಿಸಿದೆ.